ಕುದುರೆ ಕೊಳ್ಳುವ ಮೊದಲು ಬಕೆಟ್ ಹಿಡಿಯಿರಿ

ಸ್ಯಾಕ್ರಮೆಂಟೊ, ಫೋಲ್ಸಮ್, ರೋಸ್‌ವಿಲ್ ಕಡೆಯ ಮತ್ತು ಬೇ ಏರಿಯಾದ ಕನ್ನಡ ಸವಾರರೇ,

ಕನ್ನಡ ಕೂಟದ ಊಟದ ಸಾಲಿನಲ್ಲಿ, ಮಕ್ಕಳ ನಾಟಕದ ಬಿಡುವಿನಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನು ನಿಲ್ಲಿಸಿಕೊಂಡು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ರೈಡಿಂಗ್ ಸ್ಕೂಲಿನಲ್ಲಿ ಕಲಿತಾಯಿತು, ಬೇಲಿಯೊಳಗೆ ಸುತ್ತು ಹೊಡೆದು ಹೊಡೆದು ಬೇಸರ ಬಂತು, ಇನ್ನು ಬೆಟ್ಟಗುಡ್ಡದ ದಾರಿಯಲ್ಲಿ ದಿನವಿಡೀ ಹೋಗುವ ಎಂಡ್ಯೂರೆನ್ಸ್ ಸವಾರಿಗೆ ಸೇರಬೇಕು. ಆದರೆ ಅಲ್ಲಿ ನಮ್ಮ ಪರಿಚಯದವರು ಯಾರೂ ಇಲ್ಲ. ಒಂದು ಸಲ ಹೋಗಿ ನೋಡಿದರೆ ಎಲ್ಲರೂ ಅವರವರ ಟ್ರೇಲರ್ ಮುಂದೆ ಅವರವರ ಪಾಡಿಗೆ ಇದ್ದರು. ಮಾತಾಡಿಸುವುದು ಹೇಗೆ? ಒಬ್ಬೊಬ್ಬರಿಗೇ ಹೇಳುತ್ತಾ ಹೋದರೆ ಮುಗಿಯುವುದಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮಾತಾಡಿಸಲು ಹೋಗಬೇಡಿ. ಕೆಲಸ ಕೇಳಿ. ಗೆಳೆತನ ಹುಡುಕಿಕೊಂಡು ಹೋದವರಿಗೆ ಅಲ್ಲಿ ಒಂದು ನಗು, ಒಂದು ಹಲೋ ಸಿಗುತ್ತದೆ, ಅಷ್ಟೇ. ‘ನೀರು ಎಲ್ಲಿಂದ ತರಬೇಕು?’ ಎಂದು ಕೇಳಿದವರಿಗೆ ಜನ ಸಿಗುತ್ತಾರೆ.

ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಈ ಆಟದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ನಾವಿರುವ ಜಾಗವೇ ಇದರ ತವರು ಅನ್ನಬಹುದು. ಈ ಕಾಲದ ಕುದುರೆಗಳೂ ಒಂದೇ ದಿನದಲ್ಲಿ ನೂರು ಮೈಲಿ ಹೋಗಬಲ್ಲವು ಎಂದು ತೋರಿಸಲು 1955ರಲ್ಲಿ ಆಬರ್ನ್‌ನ ವೆಂಡೆಲ್ ರೋಬಿ ಕೆಲವೇ ಸಂಗಡಿಗರನ್ನು ಕಟ್ಟಿಕೊಂಡು ಟಾಹೋ ಸರೋವರದ ಕಡೆಯಿಂದ ಹೊರಟು, ಸಿಯೆರಾ ನೆವಾಡ ಬೆಟ್ಟಸಾಲು ದಾಟಿ ಆಬರ್ನ್ ಮುಟ್ಟಿದರು. ಅದೇ ಇಂದಿನ ಟೆವಿಸ್ ಕಪ್. ಸಾಮಾನ್ಯವಾಗಿ ಜುಲೈ ಇಲ್ಲವೇ ಆಗಸ್ಟ್‌ನಲ್ಲಿ, ಹುಣ್ಣಿಮೆಗೆ ಹತ್ತಿರದ ಶನಿವಾರ ನಡೆಯುತ್ತದೆ. ಬೆಳಗಿನ 5:15ಕ್ಕೆ ಹೊರಟವರು ಮರುದಿನ ಬೆಳಗಿನ 5:15ರೊಳಗೆ 160 ಕಿಲೋಮೀಟರ್ ಮುಗಿಸಬೇಕು. ಮೊದಲು ಬಂದವರಿಗೂ ಕಟ್ಟಕಡೆಯವರಿಗೂ ಅದೇ ಬೆಳ್ಳಿಯ ಬಕಲ್. ಹೊರಟವರಲ್ಲಿ ಅರ್ಧದ ಆಸುಪಾಸು ಜನರಷ್ಟೇ ಮುಗಿಸುತ್ತಾರೆ. 1972ರಲ್ಲಿ ಹುಟ್ಟಿದ ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್, ಅಂದರೆ ಎಇಆರ್‌ಸಿಯ ಕಚೇರಿ ಇರುವುದೂ ಆಬರ್ನ್‌ನಲ್ಲೇ. ಮುಗಿಸುವುದೇ ಗೆಲುವು ಎನ್ನುವುದು ಅದರ ಧ್ಯೇಯವಾಕ್ಯ.

ಧ್ಯೇಯವಾಕ್ಯಗಳನ್ನು ನಾನು ಸುಮ್ಮನೆ ನಂಬುವವಳಲ್ಲ. ಇದನ್ನು ಮಾತ್ರ ನಿಯಮಗಳೇ ಕಾಯುತ್ತವೆ. 50 ಮೈಲಿಗೆ 12 ಗಂಟೆ, 25 ಮೈಲಿಗೆ 6 ಗಂಟೆ ಕೊಡುತ್ತಾರೆ. ನಡುವೆ ಕಡ್ಡಾಯ ವಿಶ್ರಾಂತಿ, ಪ್ರತಿ ನಿಲ್ದಾಣದಲ್ಲಿ ಪಶುವೈದ್ಯರ ತಪಾಸಣೆ. ಗೆರೆ ದಾಟಿದ ಮೇಲೂ ವೈದ್ಯರು ಕುದುರೆಯನ್ನು ನೋಡಿ, ಇದು ಇನ್ನೂ ಮುಂದೆ ಹೋಗಬಲ್ಲ ಸ್ಥಿತಿಯಲ್ಲಿದೆ ಎಂದರೆ ಮಾತ್ರ ಮುಗಿಸಿದ ಲೆಕ್ಕ. ಕುಂಟಿದರೆ, ಎದೆಬಡಿತ ಇಳಿಯದಿದ್ದರೆ, ಹೊಟ್ಟೆಯ ಸದ್ದು ನಿಂತರೆ ಅಲ್ಲಿಗೇ ಮುಗಿಯಿತು. ಹಾಗಾಗಿ ಪಕ್ಕದವರು ಸೋತರೆ ಇಲ್ಲಿ ಹೆಚ್ಚಿನವರಿಗೆ ಯಾವ ಲಾಭವೂ ಇಲ್ಲ. ತನ್ನ ಕುದುರೆಗೆಂದು ಹೊತ್ತು ತಂದ ನೀರನ್ನು ಪಕ್ಕದ ಕುದುರೆಯ ಕತ್ತಿಗೆ ಸುರಿಯುವುದನ್ನು ಇಲ್ಲಿ ಯಾರೂ ದೊಡ್ಡತನ ಅಂದುಕೊಳ್ಳುವುದಿಲ್ಲ, ಅದು ರೂಢಿ. ಎಲ್ಲವೂ ಕುದುರೆಯ ಸ್ಥಿತಿಯ ಮೇಲೆ ನಿಂತಿರುವುದರಿಂದ, ಕುದುರೆಯ ಮಾತು ಬಿಟ್ಟು ಬೇರೆ ಮಾತಿಗೆ ಅವರಲ್ಲಿ ಪುರುಸೊತ್ತೂ ಇಲ್ಲ. ನಿಮಗೆ ಬಿಗುಮಾನವೆಂದು ಕಂಡದ್ದರಲ್ಲಿ ಮುಕ್ಕಾಲು ಪಾಲು ಬರೀ ಆತಂಕ.

ಅದಕ್ಕೇ ಹೊತ್ತು ನೋಡಿ ಹೋಗಬೇಕು. ಬೆಳಿಗ್ಗೆ ಹೊರಡುವ ಹೊತ್ತಿನಲ್ಲಿ ಯಾರ ಹತ್ತಿರವೂ ಸುಳಿಯಬೇಡಿ. ಆಗ ಕುದುರೆಗಳು ನಿಂತಲ್ಲಿ ನಿಲ್ಲುವುದಿಲ್ಲ, ಸವಾರರ ಜೀವ ಬಾಯಿಗೆ ಬಂದಿರುತ್ತದೆ. ಹಿಂದಿನ ಸಂಜೆ ಹೋಗಿ. ಎಲ್ಲರೂ ತಮ್ಮ ಕುದುರೆಯನ್ನು ವೈದ್ಯರಿಗೆ ತೋರಿಸಲು ಲಗಾಮು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಬೇರೆ ಕೆಲಸವಿಲ್ಲ, ಸಾಲು ಮುಂದೆ ಸಾಗುವುದಿಲ್ಲ. ರೇಷನ್ ಅಂಗಡಿಯ ಕ್ಯೂನಲ್ಲಿ ಹುಟ್ಟಿದಷ್ಟು ಸಲಿಗೆ ಅಲ್ಲೂ ಹುಟ್ಟುತ್ತದೆ. ಕುದುರೆಯ ವಯಸ್ಸು ಕೇಳಿ, ತಳಿ ಕೇಳಿ (ಹತ್ತರಲ್ಲಿ ಏಳೆಂಟು ಸಲ ‘ಅರೇಬಿಯನ್’ ಎಂಬ ಉತ್ತರವೇ ಬರುತ್ತದೆ, ಆದರೂ ಕೇಳಿ), ಹಿಂದೆ ಎಲ್ಲೆಲ್ಲಿ ಓಡಿದೆ ಎಂದು ಕೇಳಿ. ಯಾವ ಕಂಪನಿ, ಮನೆ ಎಷ್ಟಕ್ಕೆ ತಗೊಂಡಿರಿ ಎನ್ನುವ ನಮ್ಮ ಮಾಮೂಲಿ ಪ್ರಶ್ನೆಗಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ವರ್ಷಗಟ್ಟಲೆ ಜೊತೆಗೆ ಸವಾರಿ ಮಾಡಿದವರ ಉದ್ಯೋಗ ಏನೆಂದು ನನಗೆ ಇವತ್ತಿಗೂ ತಿಳಿಯದು. ಅವರ ಕುದುರೆಗೆ ಯಾವ ಕಾಲಿನಲ್ಲಿ ಹಳೆಯ ಪೆಟ್ಟಿದೆ ಎಂಬುದು ಚೆನ್ನಾಗಿ ಗೊತ್ತು.

ಇನ್ನು ಕೆಲಸದ ವಿಚಾರ. ಯಾವ ಸವಾರಿ ನಡೆಯಲಿ, ಸ್ವಯಂಸೇವಕರ ಕೊರತೆ ಇದ್ದೇ ಇರುತ್ತದೆ. ಬಂದವರ ಹೊತ್ತು ಬರೆದುಕೊಳ್ಳಲು, ತೊಟ್ಟಿಗೆ ನೀರು ತುಂಬಿಸಲು, ಗೇಟು ಕಾಯಲು, ದಾರಿ ಗುರುತಿಗೆ ಮರಕ್ಕೆ ಸಿಕ್ಕಿಸಿದ ರಿಬ್ಬನ್‌ಗಳನ್ನು ಮರುದಿನ ಬಿಚ್ಚಿ ತರಲು ಜನ ಬೇಕು. ನನ್ನನ್ನು ಕೇಳಿದರೆ ಹೊಸಬರಿಗೆ ಪಶುವೈದ್ಯರ ಪಕ್ಕದ ಗುಮಾಸ್ತಿಕೆಯೇ ಸರಿ. ವೈದ್ಯರು ಹೇಳುತ್ತಾ ಹೋಗುತ್ತಾರೆ, ನೀವು ಸವಾರರ ಕಾರ್ಡಿನಲ್ಲಿ ಎ, ಬಿ, ಸಿ ಎಂದು ತುಂಬುತ್ತಾ ಹೋಗುತ್ತೀರಿ. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಬಿಳಿಚಿದ ಜಾಗಕ್ಕೆ ಮತ್ತೆ ಬಣ್ಣ ಬರಲು ಎಷ್ಟು ಹೊತ್ತಾಯಿತು ಎಂಬುದು ಒಂದು ಅಂಕ. ಹೆಗಲ ಬಳಿ ಚರ್ಮ ಹಿಡಿದೆಳೆದು ಬಿಡುತ್ತಾರೆ. ಅದು ತಟ್ಟನೆ ಕೂರಬೇಕು, ನಿಧಾನವಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಹೊಟ್ಟೆಯ ಎರಡೂ ಬದಿ, ಮೇಲೆ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಗುಡುಗುಡು ಕೇಳುತ್ತಾರೆ. ಕೊನೆಗೆ ಸವಾರರು ಲಗಾಮು ಹಿಡಿದು ಕುದುರೆಯ ಜೊತೆ ಅತ್ತ ಓಡಿ, ತಿರುಗಿ ಇತ್ತ ಓಡಿಬರಬೇಕು. ವೈದ್ಯರ ಕಣ್ಣು ಕುದುರೆಯ ತಲೆಯ ಮೇಲಿರುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲೂರಿದಾಗ ತಲೆ ಮೇಲೇಳುತ್ತದೆ. ‘ಕರುಳು, ಬಲಗಡೆ ಕೆಳಗೆ, ಬಿ’ ಎಂದು ಅವರು ಅಂದಾಗ ಸವಾರರ ಮುಖ ನೋಡಬೇಕು, ಮಗಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ತಾಯಿಯ ಮುಖ. ಸಂಜೆಯಾಗುವಷ್ಟರಲ್ಲಿ ನೀವು ಬಂದವರೆಲ್ಲರ ಹೆಸರು ಬರೆದಿರುತ್ತೀರಿ, ಅವರೆಲ್ಲ ನಿಮ್ಮ ಮುಖ ನೋಡಿರುತ್ತಾರೆ. ಮಾತಿಲ್ಲದೆ ಇಷ್ಟು ಪರಿಚಯ ಮಾಡಿಕೊಡುವ ಜಾಗ ನನಗೆ ಬೇರೆ ಗೊತ್ತಿಲ್ಲ.

ನನಗೆ ಮೊದಲ ಸ್ನೇಹ ಸಿಕ್ಕಿದ್ದು ಗುಮಾಸ್ತಿಕೆಯಲ್ಲಲ್ಲ, ಎದೆಬಡಿತ ಎಣಿಸುವ ಕೆಲಸದಲ್ಲಿ. ಕುದುರೆಯ ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಒತ್ತಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಅಂದಿನ ಮಿತಿ ನಿಮಿಷಕ್ಕೆ 60. ಅದಕ್ಕೆ ಇಳಿದ ಮೇಲಷ್ಟೇ ಕುದುರೆಯ ವಿಶ್ರಾಂತಿಯ ಗಡಿಯಾರ ಶುರುವಾಗುತ್ತದೆ. ಅರ್ಧ ಗಂಟೆಯೊಳಗೆ ಇಳಿಯದಿದ್ದರೆ ಸವಾರಿ ಅಲ್ಲಿಗೇ ಮುಗಿಯಿತು. ಎಪ್ಪತ್ತು ದಾಟಿದ ಒಬ್ಬಾಕೆ ಬೂದು ಬಣ್ಣದ ಹೆಣ್ಣು ಕುದುರೆ ತಂದು ನಿಲ್ಲಿಸಿದರು. ಎಣಿಸಿದರೆ ಹದಿನೇಳು, ಅಂದರೆ 68. ಆಕೆ ಏನೂ ಅನ್ನಲಿಲ್ಲ. ಜೀನಿನ ಪಟ್ಟಿ ಸಡಿಲಿಸಿದರು, ಕುದುರೆಯ ತಲೆಯನ್ನು ಮೆಲ್ಲಗೆ ಕೆಳಗಿಳಿಸಿ ಅಲ್ಲೇ ಕೈ ಇಟ್ಟುಕೊಂಡು ನಿಂತರು. ನಾನು ಬಕೆಟ್ ಹಿಡಿದೆ. ಆಕೆ ಸ್ಪಂಜು ಅದ್ದಿ ಕತ್ತಿನ ಕೆಳಭಾಗಕ್ಕೆ ನೀರು ಹಿಂಡಿದರು, ಹಿಂಡಿದ್ದನ್ನು ಅಂಗೈಯಿಂದ ಬಳಿದು ತೆಗೆದರು, ಮತ್ತೆ ಹಿಂಡಿದರು. ಎರಡನೇ ಸಲ ಎಣಿಸಿದಾಗ ಹದಿನೈದಕ್ಕೆ ಬಂತು. ಥ್ಯಾಂಕ್ಸ್ ಎಂದು ಹೋದರು. ಸಂಜೆ ನನ್ನ ಕುರ್ಚಿಯ ಪಕ್ಕ ತಮ್ಮ ಕುರ್ಚಿ ತಂದು ಹಾಕಿಕೊಂಡು, ಮುಂದಿನ ಸವಾರಿಗೂ ಬರುತ್ತೀಯಾ ಎಂದು ಕೇಳಿದರು. ಆಕೆಯನ್ನು ಹೆಸರು ಹಿಡಿದು ಕರೆಯಲು ನನಗೆ ಬಹಳ ಕಾಲ ಬಾಯಿ ಬರಲಿಲ್ಲ. ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕೂಗುವುದನ್ನು ನಮಗೆ ಯಾರೂ ಕಲಿಸಿಲ್ಲವಲ್ಲ. ಆದರೆ ಇಲ್ಲಿ ಮೇಡಂ ಎಂದರೆ ದೂರ ಇಟ್ಟ ಹಾಗೆ. ಹೆಸರೇ ಹಿಡಿಯಿರಿ.

ವಯಸ್ಸಿನ ಮಾತು ಬಂತಾದ್ದರಿಂದ ಇದನ್ನೂ ಹೇಳುತ್ತೇನೆ. ನಮ್ಮ ಗಂಡಸರಲ್ಲಿ ಕೆಲವರಿಗೆ ಇದು ಗಟ್ಟಿಗ ಹುಡುಗರ ಆಟವೆಂಬ ಕಲ್ಪನೆಯಿದೆ. ಕ್ಯಾಂಪಿಗೆ ಹೋಗಿ ನೋಡಿ, ಹೆಚ್ಚಿನವರು ಹೆಂಗಸರು, ಅದರಲ್ಲೂ ನಡುವಯಸ್ಸು ದಾಟಿದವರು. ಜೂಲಿ ಸುಹ್ರ್ ಟೆವಿಸ್ ಅನ್ನು 22 ಸಲ ಮುಗಿಸಿದವರು. ಮೊದಲ ಹತ್ತರಲ್ಲಿ ಬಂದ ಕುದುರೆಗಳ ಪೈಕಿ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ಕೊಡುವ ಹ್ಯಾಗಿನ್ ಕಪ್ಪನ್ನು ಮೂರು ಸಲ ಪಡೆದವರು. ಅವರ ಮಗಳು ಬಾರ್ಬರಾ ವೈಟ್ 30ಕ್ಕೂ ಹೆಚ್ಚು ಸಲ ಮುಗಿಸಿದ್ದಾರೆ. ಒಂದೇ ಸವಾರ, ಒಂದೇ ಕುದುರೆ ಹತ್ತು ಹಂಗಾಮು ಜೊತೆಗಿದ್ದರೆ ಎಇಆರ್‌ಸಿ ಅಂಥ ಜೋಡಿಗೆ ಬೇರೆಯೇ ಗೌರವ ಕೊಡುತ್ತದೆ. ಇಂಥವರ ನಡುವೆ ಬಂದು ಒಂದು ಬೇಸಿಗೆ ಉತ್ಸಾಹದಲ್ಲಿ ಕುಣಿದು ಮಾಯವಾಗುವವರೇ ಹೆಚ್ಚು. ಅದಕ್ಕೇ ಹಳಬರು ಹೊಸಬರನ್ನು ಬೇಗ ಹಚ್ಚಿಕೊಳ್ಳುವುದಿಲ್ಲ. ಎರಡನೇ ವರ್ಷವೂ ಬಂದರೆ ತಾವಾಗಿಯೇ ಹತ್ತಿರ ಬರುತ್ತಾರೆ.

ಇನ್ನು ನಮ್ಮದೇ ಒಂದು ಚಾಳಿ. ನಾಲ್ಕು ಜನ ಕನ್ನಡಿಗರು ಸೇರಿದರೆ ನಮಗೆ ಐದನೆಯವರು ಬೇಕಾಗುವುದಿಲ್ಲ. ಒಂದೇ ವ್ಯಾನಿನಲ್ಲಿ ಬಂದು, ಒಂದೇ ಮರದ ಕೆಳಗೆ ಚಾಪೆ ಹಾಕಿ, ಪುಳಿಯೋಗರೆ ಬಿಚ್ಚಿ, ಆಫೀಸಿನ ಮ್ಯಾನೇಜರನ್ನು ಬೈದುಕೊಂಡು ಸಂಜೆ ವಾಪಸು ಹೋಗಿ, ‘ಅಲ್ಲಿ ಯಾರೂ ನಮ್ಮನ್ನು ಸೇರಿಸಿಕೊಳ್ಳಲಿಲ್ಲ’ ಅಂದರೆ ಅವರೇನು ಮಾಡಬೇಕು? ಊಟ ಖಂಡಿತ ತನ್ನಿ, ಆದರೆ ಎಲ್ಲರೂ ತರುವ ಮೇಜಿನ ಮೇಲೆ ಇಡಿ. ನನ್ನ ಅನುಭವದಲ್ಲಿ ಕೋಡುಬಳೆಗೆ ಬೇಡಿಕೆ ಜಾಸ್ತಿ. ದಿನವಿಡೀ ಬೆವರು ಸುರಿಸಿದವರ ನಾಲಿಗೆ ಉಪ್ಪು ಕೇಳುತ್ತದೆ. ಖಾರ ಸ್ವಲ್ಪ ಕಮ್ಮಿ ಇರಲಿ. ಊಟದ ನಡುವೆ ಲದ್ದಿಯ ಮಾತು, ಕುದುರೆಯ ಮೂತ್ರದ ಬಣ್ಣದ ಮಾತು ಬಂದರೆ ಮುಖ ಹಿಂಡಬೇಡಿ. ಇಲ್ಲಿ ಅದೇ ಕ್ಷೇಮ ಸಮಾಚಾರ.

ಅವರ ಕಡೆ ಎಲ್ಲವೂ ಸರಿಯಿದೆ ಎಂದೇನೂ ನಾನು ಹೇಳುವುದಿಲ್ಲ. ಗುಂಪುಗಾರಿಕೆ ಅಲ್ಲೂ ಇದೆ. ಇಡೀ ಕ್ಯಾಂಪಿನಲ್ಲಿ ನಮ್ಮ ಬಣ್ಣದವರು ನೀವೊಬ್ಬರೇ ಇರುವ ದಿನಗಳು ಬರುತ್ತವೆ. ‘ನಿಮ್ಮ ದೇಶದಲ್ಲಿ ಕುದುರೆಗಳಿವೆಯೇ?’ ಎಂದು ಕೇಳುವವರಿದ್ದಾರೆ. ಟಿಪ್ಪು ಕಾಲದ ಕುಣಿಗಲ್ ಲಾಯದ ಕತೆ, 1918ರಲ್ಲಿ ಜೋಧಪುರದವರ ಜೊತೆ ನುಗ್ಗಿ ಹೈಫಾ ಹಿಡಿದ ಮೈಸೂರು ಲ್ಯಾನ್ಸರ್ಸ್ ಕತೆ ನಾನು ಹೇಳಿದ್ದಿದೆ, ಕೇಳಿದವರು ಬಾಯಿ ತೆರೆದು ಕೇಳಿದ್ದಾರೆ. ಹೆಚ್ಚಿನವರು ಗೊತ್ತಿಲ್ಲದೆ ಕೇಳುತ್ತಾರೆ, ಕೊಂಕು ಇರುವುದಿಲ್ಲ. ಕೊಂಕೇ ಇರುವ ಒಬ್ಬಿಬ್ಬರು ಸಿಕ್ಕರೆ ಅವರನ್ನು ಅವರ ಪಾಡಿಗೆ ಬಿಡಿ. ಅಂಥವರು ಅಲ್ಲಿನ ಹಳಬರಿಗೂ ಬೇಡವಾದವರೇ ಆಗಿರುತ್ತಾರೆ. ಮತ್ತೊಂದು ಎಚ್ಚರಿಕೆ. ಗೊರಸಿಗೆ ಕಬ್ಬಿಣದ ಲಾಳವೋ, ರಬ್ಬರ್ ಬೂಟೋ, ಬರಿಗಾಲೋ ಎಂಬ ಜಗಳ ಅಲ್ಲಿ ನಮ್ಮ ಒಳಪಂಗಡಗಳ ಜಗಳಕ್ಕಿಂತ ಹಳೆಯದು. ಮೊದಲ ವರ್ಷ ಯಾರ ಪಕ್ಷವನ್ನೂ ವಹಿಸಬೇಡಿ.

ಕುದುರೆಯನ್ನಂತೂ ಈಗಲೇ ಕೊಳ್ಳಬೇಡಿ. ಸಂಬಳ ಕೈಯಲ್ಲಿದೆ ಎಂದು ಮೊದಲ ತಿಂಗಳಲ್ಲೇ ಅರೇಬಿಯನ್ ಕುದುರೆ ಕೊಂಡು, ಅದನ್ನು ಸಾಗಿಸಲು ಟ್ರಕ್ಕು, ಟ್ರೇಲರ್ ಕೊಂಡು (ಈ ಎರಡರ ಬೆಲೆ ಎಷ್ಟೋ ಸಲ ಕುದುರೆಯದ್ದಕ್ಕಿಂತ ಹೆಚ್ಚು), ಆಮೇಲೆ ಹುಲ್ಲು, ಲಾಳ, ವೈದ್ಯರ ಬಿಲ್ಲು ನೋಡಿ ಕಂಗಾಲಾದವರನ್ನು ಕಂಡಿದ್ದೇನೆ. ಹಳಬರ ಹತ್ತಿರ ತಯಾರಾದ ಕುದುರೆ ಎರಡು ಮೂರಿರುತ್ತವೆ, ಎಲ್ಲವನ್ನೂ ಓಡಿಸಲು ಅವರಿಗೆ ಸಾಧ್ಯವಾಗುವುದಿಲ್ಲ. ನಂಬಿಕೆ ಬಂದರೆ ಒಂದನ್ನು ನಿಮಗೆ ಕೊಡುತ್ತಾರೆ. ಆ ನಂಬಿಕೆ ಹುಟ್ಟುವುದು ನಿಮ್ಮ ಸವಾರಿ ನೋಡಿ ಅಲ್ಲ, ಅವರ ಕುದುರೆಗೆ ನೀವು ನೀರು ಕುಡಿಸುವುದನ್ನು ನೋಡಿ. ಆ ಬೂದು ಕುದುರೆಯ ಜೊತೆಗಾರ ಕುದುರೆಯ ಮೇಲೆಯೇ ನಾನು ಮೊದಲ 25 ಮೈಲಿ ಮುಗಿಸಿದ್ದು. ಸದಸ್ಯತ್ವವೂ ಕೂಡಲೇ ಬೇಕಿಲ್ಲ. ಸದಸ್ಯರಲ್ಲದವರು ಆ ದಿನದ ಮಟ್ಟಿಗೆ ಹೆಚ್ಚಿನ ಶುಲ್ಕ ಕಟ್ಟಿ ಸವಾರಿ ಮಾಡಬಹುದು. 25ಕ್ಕಿಂತ ಚಿಕ್ಕ ಪರಿಚಯ ಸವಾರಿಗಳನ್ನೂ ಹಲವೆಡೆ ಇಡುತ್ತಾರೆ, ಅಲ್ಲಿಂದಲೇ ಶುರು ಮಾಡಿ. ಕುದುರೆ ಇಲ್ಲವೆಂದು ಕೊರಗುವವರಿಗೆ ಗಾರ್ಡಿ ಐನ್ಸ್‌ಲಿಯ ಕತೆ ಹೇಳಬೇಕು. 1973ರಲ್ಲಿ ಅವನ ಕುದುರೆ ಕುಂಟಿ ಟೆವಿಸ್ ಸವಾರಿ ನಡುವೆಯೇ ನಿಂತುಹೋಗಿತ್ತು. 1974ರಲ್ಲಿ ಈ ಮನುಷ್ಯ ಟೆವಿಸ್ ದಾರಿಯನ್ನು ಕುದುರೆಗಳ ಜೊತೆ ತನ್ನ ಎರಡು ಕಾಲಲ್ಲೇ ಓಡಿ 23 ಗಂಟೆ 42 ನಿಮಿಷದಲ್ಲಿ ಮುಗಿಸಿದ. ಇಂದಿನ ವೆಸ್ಟರ್ನ್ ಸ್ಟೇಟ್ಸ್ ನೂರು ಮೈಲಿ ಓಟ ಹುಟ್ಟಿದ್ದೇ ಹಾಗೆ. ನೀವು ಹಾಗೆ ಮಾಡಬೇಕೆಂದಿಲ್ಲ.

ದಾರಿಯ ಮೇಲಿನ ಮರ್ಯಾದೆಗಳನ್ನು ಮಾತ್ರ ಮೊದಲೇ ಕಲಿತು ಹೋಗಿ. ಕುದುರೆ ಗುಂಪಿನ ಪ್ರಾಣಿ. ತೊರೆಯಲ್ಲಿ ಎರಡು ಕುದುರೆ ನೀರು ಕುಡಿಯುತ್ತಿರುವಾಗ ಒಂದು ಹೊರಟರೆ ಇನ್ನೊಂದು ಬಾಯಾರಿಕೆ ಮರೆತು ಹಿಂದೆಯೇ ಓಡುತ್ತದೆ. ಮುಂದಿನ ನೀರು ಹತ್ತು ಮೈಲಿ ದೂರವಿರಬಹುದು. ಆದ್ದರಿಂದ ಪಕ್ಕದ ಕುದುರೆ ತಲೆ ಎತ್ತುವ ತನಕ ಕಾಯಬೇಕು, ಅದು ಅಪರಿಚಿತರದ್ದಾದರೂ ಸರಿ. ಮುಂದಿರುವ ಕುದುರೆಯನ್ನು ದಾಟುವಾಗ ಕೂಗಿ, ಒಪ್ಪಿಗೆ ಬಂದ ಮೇಲೆ ನಿಧಾನವಾಗಿ ದಾಟಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆ, ಹಿಂದೆ ಜಾಗ ಬಿಡಿ. ಯಾರಾದರೂ ಇಳಿದು ಕುದುರೆಯ ಬೂಟು ಸರಿಮಾಡುತ್ತಿದ್ದರೆ, ‘ಎಲ್ಲ ಸರಿಯಿದೆಯಾ?’ ಎಂದು ಕೇಳದೆ ಮುಂದೆ ಹೋಗಬೇಡಿ. ಒಮ್ಮೆ ಕೇಳದೆ ಹೋದವರ ಹೆಸರು ಸಂಜೆಯೊಳಗೆ ಕ್ಯಾಂಪಿಗೆಲ್ಲ ಗೊತ್ತಿರುತ್ತದೆ.

ದಾರಿಯಲ್ಲಿ ಜೊತೆಗಾರರನ್ನು ಆರಿಸುವವರು ನೀವಲ್ಲ, ಕುದುರೆಗಳು. ನಿಮ್ಮ ಕುದುರೆಯ ಟ್ರಾಟ್‌ಗೆ ಯಾರ ಕುದುರೆಯ ಟ್ರಾಟ್ ಹೊಂದುತ್ತದೋ ಅವರೇ ಅಂದಿನ ಸಂಗಾತಿ. ಐದಾರು ಗಂಟೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಾ, ಮುಖ ನೋಡದೆ ಆಡುವ ಮಾತಿನಲ್ಲಿ ಬಹಳ ಸಂಗತಿಗಳು ಹೊರಬರುತ್ತವೆ: ಸತ್ತ ಗಂಡ, ದೂರವಾದ ಮಗ, ಬಂದು ಹೋದ ಕ್ಯಾನ್ಸರ್. ಅಂಥ ಜೊತೆಗಾರರನ್ನೂ ಬಿಟ್ಟು ಹಿಂದೆ ಉಳಿಯಲು ನಿಮಗೆ ಧೈರ್ಯ ಬೇಕು. ಅವರ ಕುದುರೆ ವೇಗ ಹೆಚ್ಚಿಸಿದರೆ, ಸ್ನೇಹದ ದಾಕ್ಷಿಣ್ಯಕ್ಕೆ ನಿಮ್ಮ ಕುದುರೆಯನ್ನು ಅದರ ಶಕ್ತಿ ಮೀರಿ ಓಡಿಸಬೇಡಿ. ‘ನೀವು ಮುಂದೆ ನಡೆಯಿರಿ’ ಎಂದುಬಿಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕುದುರೆಯನ್ನು ದಣಿಸಿ ಜೊತೆ ಬಂದರೆ ಮಾತ್ರ ಬೇಸರ ಮಾಡಿಕೊಳ್ಳುತ್ತಾರೆ.

ನಿಜವಾದ ಪರಿಚಯ ಬೇಕಿದ್ದರೆ ಟೆವಿಸ್‌ನ ಶನಿವಾರ ಸಂಜೆ ಫಾರೆಸ್ಟ್‌ಹಿಲ್‌ಗೆ ಬನ್ನಿ. ಅದು 68ನೇ ಮೈಲಿ. ಸವಾರರು ಆಳವಾದ ಕಣಿವೆಗಳನ್ನು ಇಳಿದು ಹತ್ತಿ, ಎಷ್ಟೋ ವರ್ಷ 38 ಡಿಗ್ರಿ ಮೀರುವ ಬಿಸಿಲಲ್ಲಿ ಬೆಂದು ಅಲ್ಲಿಗೆ ಬರುತ್ತಾರೆ. ಒಂದು ಗಂಟೆ ವಿಶ್ರಾಂತಿ, ಆಮೇಲೆ ಕತ್ತಲಲ್ಲಿ ಉಳಿದ 32 ಮೈಲಿ. ಮುಂದೆ ಹೋಗುವವರಿಗೆ ಅವರದೇ ಬಳಗವಿರುತ್ತದೆ. ನೀವು ನೋಡಬೇಕಾದ್ದು ಅಲ್ಲಿಗೇ ನಿಂತವರನ್ನು. ವರ್ಷವಿಡೀ ತಯಾರಿ ಮಾಡಿ, ವೈದ್ಯರ ಒಂದು ಮಾತಿಗೆ ಜೀನು ಇಳಿಸಿ, ಕುದುರೆಯ ಪಕ್ಕ ಸುಮ್ಮನೆ ನಿಂತಿರುತ್ತಾರೆ. ಬಚ್ಚಲಿಗೆ ಹೋಗಬೇಕೆಂದರೂ ಲಗಾಮು ಯಾರ ಕೈಗೆ ಕೊಡುವುದು? ಸಮಾಧಾನದ ಮಾತು ಬೇಡ. ‘ಕೊಡಿ, ನಾನು ಹಿಡಿದುಕೊಂಡಿರುತ್ತೇನೆ, ನೀವು ಏನಾದರೂ ತಿಂದು ಬನ್ನಿ’ ಎನ್ನಿ. ಆ ರಾತ್ರಿ ಕುದುರೆ ಹಿಡಿದುಕೊಂಡವರನ್ನು ಅವರು ಮರೆಯುವುದಿಲ್ಲ. ಮುಂದಿನ ವಸಂತದಲ್ಲಿ ಫೋನ್ ಮಾಡುತ್ತಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಈ ಹಂಗಾಮಿನಲ್ಲಿ ನಿಮಗೆ ಹತ್ತಿರದ ಯಾವುದಾದರೂ ಒಂದು ಸವಾರಿಗೆ ಸ್ವಯಂಸೇವಕರಾಗಿ ಹೆಸರು ಕೊಡಿ. ಒಟ್ಟಾಗಿ ಬರಬೇಡಿ, ಒಬ್ಬೊಬ್ಬರೇ ಬನ್ನಿ. ಒಟ್ಟಾಗಿಯೇ ಬಂದರೆ ಬೇರೆ ಬೇರೆ ಜಾಗದ ಕೆಲಸ ಕೇಳಿ ಪಡೆಯಿರಿ. ಮಡಚುವ ಕುರ್ಚಿ, ಟೋಪಿ, ಮುಚ್ಚಿದ ಬೂಟು, ತಲೆಗೆ ಕಟ್ಟುವ ಟಾರ್ಚು, ರಾತ್ರಿಯ ಚಳಿಗೆ ಒಂದು ಸ್ವೆಟರ್ ಜೊತೆಗಿರಲಿ. ಚಪ್ಪಲಿ ಹಾಕಿಕೊಂಡು ಕುದುರೆಯ ಹತ್ತಿರ ಬರಬೇಡಿ.

ಇಂತಿ,
ಆಬರ್ನ್ ಕಡೆಯ ನಿಮ್ಮ ಒಬ್ಬ ಕನ್ನಡತಿ